ನವಿಲಿನ ಕೊರಳು

ತನಗೊಂದು ರೂಪವಿಲ್ಲದೆಯೂ ಎಲ್ಲ ರೂಪಗಳನ್ನು ಬರೆದ ಪರಶಿವನಿಗೆ ಮೊದಲ ಶರಣು. ಅವನು ನುಡಿಸಿದಷ್ಟು ನುಡಿಯುತ್ತೇನೆ.

ಮಠದ ಶಿಷ್ಯ ಚೆನ್ನಮಲ್ಲ ಒಂದು ಬೆಳಗ್ಗೆ ಗುರುಗಳ ಮುಂದೆ ಕೈಮುಗಿದು ಕೇಳಿದ: "ಬುದ್ಧಿ, ನನ್ನ ತಪ್ಪುಗಳನ್ನೆಲ್ಲ ತಿದ್ದಿಕೊಂಡ ಮೇಲೆಯೇ ದೀಕ್ಷೆ ಬೇಡಬೇಕೆಂದು ಮೂರು ವರ್ಷದಿಂದ ತಡೆದುಕೊಂಡಿದ್ದೇನೆ. ಇನ್ನೆಷ್ಟು ಕಾಲ ಕಾಯಲಿ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಸೀಮೆಯಲ್ಲಿ ಹಚ್ಚೆ ಹಾಕುವವಳೊಬ್ಬಳಿದ್ದಳು. ಊರೂರು ತಿರುಗಿ ಹೆಂಗಸರ ತೋಳಿನ ಮೇಲೆ ಸೂಜಿಯಿಂದ ಚುಚ್ಚಿ ಹೂವು, ಬಳ್ಳಿ, ತೊಟ್ಟಿಲು ಬರೆಯುವುದು ಅವಳ ಕಸುಬು. ಆ ದೇಶದ ಅರಸ ವರ್ಷಕ್ಕೊಬ್ಬರಿಗೆ ವಿದ್ಯಾವೇತನ ಕೊಟ್ಟು, ಅರಮನೆಯ ಚಿತ್ರಶಾಲೆಯಲ್ಲಿ ಐದು ವರ್ಷ ಚಿತ್ರವಿದ್ಯೆ ಕಲಿಸುತ್ತಿದ್ದ. ಈ ಸಲ ಅದು ತನಗೇ ಸಿಗಬೇಕೆಂದು ಅವಳು ಹಟ ಹಿಡಿದಳು. ಮೂರು ದಿನ ನಡೆದು ಚಿತ್ರಶಾಲೆಯ ಬಾಗಿಲಿಗೆ ಬಂದಳು.

"ನೀನು ಬರೆದ ಚಿತ್ರ ಎಲ್ಲಮ್ಮಾ? ಬರಿಗೈಲಿ ಬಂದವರನ್ನ ಒಳಗೆ ಬಿಡೋ ಹಾಗಿಲ್ಲ" ಎಂದ ಕಾವಲುಗಾರ. "ಹುಣ್ಣಿಮೆ ದಿನವೇ ಪರೀಕ್ಷೆ."

"ನನ್ನ ಚಿತ್ರಗಳು ಹೊಲದಲ್ಲಿ ಕಳೆ ಕೀಳ್ತಾ ಇವೆ ಕಣಣ್ಣ. ಕರಕೊಂಡು ಬರ್ತೀನಿ."

ಹುಣ್ಣಿಮೆಗೆ ಎಂಟೇ ದಿನ ಉಳಿದಿತ್ತು. ನಡೆದ ದಾರಿಯನ್ನೇ ಅವಳು ಮತ್ತೆ ನಡೆದಳು. "ತೋಳು ಕಡಿದು ಕೊಡಲೇನೇ?" ಎಂದು ಹೆಂಗಸರು ನಕ್ಕರು. ನಕ್ಕವರೇ ಹನ್ನೊಂದು ಮಂದಿ ಬುತ್ತಿ ಕಟ್ಟಿಕೊಂಡು ಹೊರಟುನಿಂತರು. ಕಡೆಗೆ ಅವಳು ಹೊನ್ನವ್ವನೆಂಬ ಮುದುಕಿಯ ಮನೆಗೆ ಹೋದಳು. ಹಚ್ಚೆಯವಳು ಹಾಕಿದ ಮೊಟ್ಟಮೊದಲ ಹಚ್ಚೆ ಈ ಮುದುಕಿಯ ಕೈಮೇಲಿತ್ತು. ಅದೊಂದು ಕೆಟ್ಟುಹೋದ ನವಿಲು.

"ನವಿಲು ಬರಿ ಅಂದ್ರೆ ಕೋಳಿ ಬರೆದವಳು ನೀನು. ನನ್ನನ್ಯಾಕೆ ಕರೀತೀಯೆ ಮಗಳೇ? ಬರೋ ಭಾಗ್ಯವೂ ತಪ್ಪಿಹೋದೀತು."

"ನೀನು ಬರಲೇಬೇಕು ಅವ್ವ."

ಪರೀಕ್ಷೆಯ ದಿನ ಉಳಿದವರು ರೇಷ್ಮೆಯಲ್ಲಿ ಸುತ್ತಿ ತಂದ ಪಟಗಳನ್ನು ಬಿಚ್ಚಿಟ್ಟರು. ಇವಳ ಕಡೆಯ ಹೆಂಗಸರು ಸಾಲಾಗಿ ನಿಂತು ತೋಳು ಚಾಚಿದರು. ಚಿತ್ರಶಾಲೆಯ ಹಿರಿಯ ಒಂದೊಂದೇ ತೋಳನ್ನು ನೋಡುತ್ತ ತಲೆದೂಗಿದ. ಹೊನ್ನವ್ವ ಮಾತ್ರ ಹಚ್ಚೆಯವಳ ಮೇಲಿನ ಮಮತೆಯಿಂದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಹಿರಿಯ ಅವಳನ್ನು ದಾಟಿ ಹೋದ. ಸುಮ್ಮನಿದ್ದಿದ್ದರೆ ಅಲ್ಲಿಗೆ ಕೆಲಸವಾಗುತ್ತಿತ್ತು. ಆದರೆ ಹಚ್ಚೆಯವಳು ಮನಸ್ಸಿನಲ್ಲೇ ಶಿವನನ್ನು ನೆನೆದು, ತಾನೇ ಹೋಗಿ ಆ ಸೆರಗು ಸರಿಸಿದಳು.

"ಸ್ವಾಮಿ, ಇದೊಂದು ನೋಡದೆ ಉಳಿಯಿತು."

ಹಿರಿಯ ಹುಬ್ಬು ಗಂಟಿಕ್ಕಿದ. "ಕೆಟ್ಟದ್ದನ್ನು ಯಾರಾದರೂ ಪರೀಕ್ಷೆಗೆ ತರುತ್ತಾರೆಯೆ?"

"ಕೊರಳು ತಿರುಗುವ ಕಡೆ ಕೈ ತಪ್ಪಿತು ಸ್ವಾಮಿ. ಹನ್ನೆರಡು ವರ್ಷವಾಯಿತು, ಇವತ್ತಿಗೂ ಆ ತಿರುವು ನನಗೆ ಒಲಿದಿಲ್ಲ. ಮೈಮೇಲೆ ಬರೆದದ್ದನ್ನು ಅಳಿಸಲಾಗದು, ಮಣ್ಣಿಗೆ ಹೋಗುವ ತನಕ ಜೊತೆಗಿರುತ್ತದೆ. ಅದಕ್ಕೇ ಆಮೇಲೆ ಯಾರಿಗೂ ನವಿಲು ಹಾಕಲಿಲ್ಲ. ಅಳಿಸಿ ಅಳಿಸಿ ಕಲಿಯುವುದಕ್ಕೆ ನನಗೊಂದು ಹಲಗೆ ಬೇಕು. ಆ ಹನ್ನೊಂದು ನನಗೆ ಬರುತ್ತವೆ. ನಾನು ಬಂದಿರುವುದು ಈ ಒಂದಕ್ಕೆ."

ಹಿರಿಯನು ಮುದುಕಿಯ ಕೈ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಒಳಗಿನಿಂದ ಒಂದು ಹಲಗೆ ತರಿಸಿ ಹಚ್ಚೆಯವಳ ಕೈಗಿತ್ತ. ಆ ವರ್ಷದ ವಿದ್ಯಾವೇತನ ಅವಳದಾಯಿತು.

"ಬೇಗ ಕಲಿಯೇ" ಎಂದಳು ಹೊನ್ನವ್ವ. "ನನ್ನ ಇನ್ನೊಂದು ಕೈ ಖಾಲಿ ಇದೆ."

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲ ಮತ್ತೇನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವರೇ ಅಂದರು: "ತಪ್ಪನ್ನೆಲ್ಲ ನೀನೇ ತಿದ್ದಿಕೊಂಡು ಬರುವುದಾದರೆ, ಮಗು, ನಾನಿಲ್ಲಿ ಕುಳಿತಿರುವುದು ಯಾರಿಗಾಗಿ?"

ಚೆನ್ನಮಲ್ಲ ಗುರುಗಳ ಪಾದಕ್ಕೆರಗಿ ದೀಕ್ಷೆ ಬೇಡಿದ.

ಕಿವಿಗೊಟ್ಟು ಕೇಳಿದ ನಿಮ್ಮೆಲ್ಲರ ಮನೆ ತಂಪಾಗಿರಲಿ, ಹಿಡಿದ ಕೆಲಸ ಕೈಗೂಡಲಿ, ಶಿವನ ಕರುಣೆಯ ಕಣ್ಣು ನಿಮ್ಮ ಮೇಲಿರಲಿ.