ಇಳಿದು ತೋರಿಸು

"ಮೇಷ್ಟ್ರೇ, ಒಂದು ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುವವನು ನಾನೇ ಆಗಿರುವಾಗ ಅದನ್ನು ಇನ್ನೊಬ್ಬರ ಕೈಗೆ ಯಾಕೆ ಕೊಡಬೇಕು?"

ಕೇಳಿದವನು ಈರಣ್ಣ, ಊರಿನ ವಾಲಿಬಾಲ್ ತಂಡದ ನಾಯಕ. ಬರಿಗಾಲಲ್ಲಿ ಆಡುತ್ತಿದ್ದ ಕಾಲದಿಂದಲೂ ನಾಯಕ. ಈಗ ಮಂಡಿಗೆ ಪಟ್ಟಿ ಕಟ್ಟಿಕೊಂಡು ಆಡುವಾಗಲೂ ಅವನೇ ನಾಯಕ. ಈ ಭಾನುವಾರದ ಪಂದ್ಯಕ್ಕಾದರೂ ಜಾಗ ಬಿಡು ಎಂದು ತಂಡದ ಹುಡುಗರು ಕೇಳಿದ್ದರು. ಈ ಪ್ರಶ್ನೆ ಹೊತ್ತು ಅವನು ಬಂದದ್ದು ತನ್ನ ಗುರು, ಡ್ರೈವಿಂಗ್ ಸ್ಕೂಲಿನ ಮುದ್ದಪ್ಪ ಮೇಷ್ಟ್ರ ಬಳಿಗೆ. ಮೇಷ್ಟ್ರ ಮಾತು ನಂಬುವುದಾದರೆ, ಅವರು ಪಾಠ ಹೇಳುವುದನ್ನು ಬೇಲಿಯಾಚೆಯಿಂದ ನೋಡಿದ ಎಮ್ಮೆಗಳೂ ತಿರುವಿನಲ್ಲಿ ಬಾಲದಿಂದ ಸಿಗ್ನಲ್ ತೋರಿಸತೊಡಗಿದ್ದವು.

"ಒಂದು ಕತೆ ಹೇಳುತ್ತೇನೆ," ಎಂದರು ಮೇಷ್ಟ್ರು. "ನಾನು ಹಿಡಿದ ಸ್ಟೀರಿಂಗಿನ ಮೇಲಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ."

ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಂತರಕಾಲೇಜು ಕಾರ್ ರೇಸಿಗೆ ಹೊರಟರು. ಆ ರೇಸಿನಲ್ಲಿ ಕೊಂಡು ತಂದ ಕಾರು ನಡೆಯುವುದಿಲ್ಲ. ವಿದ್ಯಾರ್ಥಿಗಳೇ ಕಟ್ಟಬೇಕು, ವಿದ್ಯಾರ್ಥಿಗಳೇ ಓಡಿಸಬೇಕು. ಅರ್ಧ ಓಟ ಒಬ್ಬರದು, ಉಳಿದರ್ಧ ಇನ್ನೊಬ್ಬರದು.

ಮೊದಲರ್ಧ ಉಲ್ಲಾಸನಿಗೆ, ಎರಡನೆಯದು ನಜ್ಮಾಳಿಗೆ ಎಂದಾಯಿತು. ನಜ್ಮಾ ಚೆನ್ನಾಗಿಯೇ ಓಡಿಸುತ್ತಿದ್ದಳು. ಆದರೆ ಉಲ್ಲಾಸ ಓಡಿಸಿದರೆ ಕಾರಿನ ಸದ್ದು ಕಾರಿನ ಹಿಂದೆ ಏದುಸಿರು ಬಿಡುತ್ತ ಬರುತ್ತಿತ್ತು. ಅದರ ನೆರಳು ದಾರಿ ತಪ್ಪಿ ಬೇರೆ ಕಾರಿನ ಜೊತೆ ಹೋಗಿಬಿಡುತ್ತಿತ್ತು.

ಕಾರು ಹಗುರಾಗಬೇಕಿತ್ತು. ಸಾಧ್ಯವಿದ್ದ ಕಡೆಯೆಲ್ಲ ತಗಡು ಕೊರೆದರು. ಅದೂ ಸಾಲದೆಂದು ಉಲ್ಲಾಸ ಮೀಸೆ ಬೋಳಿಸಿಕೊಂಡ. ಆಮೇಲೆ ಸೀಟಿನ ಕೆಲಸ. ತಿರುವಿನಲ್ಲಿ ಚಾಲಕ ಅಲ್ಲಾಡಬಾರದು. ಅದಕ್ಕಾಗಿ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಉಬ್ಬುವ ಫೋಮ್ ಸುರಿದು ಅದರ ಮೇಲೆ ಚಾಲಕನನ್ನು ಕೂರಿಸುತ್ತಾರೆ. ಫೋಮ್ ಉಬ್ಬಿ, ಮೈಯ ಅಚ್ಚು ಹಿಡಿದು ಗಟ್ಟಿಯಾಗುತ್ತದೆ. ಕೂತವನು ಉಲ್ಲಾಸ. "ನಜ್ಮಾ ಕೂತಾಗ ಬೆನ್ನಿಗೊಂದು ದಿಂಬು ಇಟ್ಟರಾಯಿತು ಬಿಡಿ," ಎಂದ. ಅಚ್ಚು ಎಷ್ಟು ಚೆನ್ನಾಗಿ ಬಂತೆಂದರೆ, ಅವನ ಜೇಬಿನಲ್ಲಿದ್ದ ಬಾಚಣಿಗೆಯ ಹಲ್ಲುಗಳೂ ಅದರಲ್ಲಿ ಮೂಡಿದ್ದವು.

ರೇಸಿನ ದಿನ ಮೊದಲು ತಪಾಸಣೆ. ಉಲ್ಲಾಸ ಹೆಲ್ಮೆಟ್ ಹಾಕಿ, ಬೆಲ್ಟು ಬಿಗಿದು ಕೂತ.

"ಒಂದು ಸುತ್ತು ಓಡಿಸಿ ತೋರಿಸಲಾ ಸರ್?"

"ಓಡಿಸೋದು ಆಮೇಲೆ ತಮ್ಮಾ," ಎಂದ ತಪಾಸಣೆಗಾರ. "ಮೊದಲು ಇಳಿದು ತೋರಿಸು. ಬೆಂಕಿ ಹತ್ತಿಕೊಂಡರೆ ಒಳಗೇ ಕೂತು ಗೇರ್ ಹಾಕ್ತೀಯಾ? ನಾನು ಐದು ಎಣಿಸುವುದರೊಳಗೆ ಹೊರಗಿರಬೇಕು."

ವರ್ಷವಿಡೀ ಓಡಿಸುವುದನ್ನು ಅಭ್ಯಾಸ ಮಾಡಿದ್ದರು. ಇಳಿಯುವುದನ್ನು ಯಾರೂ ಮಾಡಿರಲಿಲ್ಲ. ತಪಾಸಣೆಗಾರ ಐದು ಎಣಿಸಿದ. ಐವತ್ತು ಎಣಿಸಿದ. ಐನೂರಕ್ಕೆ ಬಂದಾಗ ಗಂಟಲು ಒಣಗಿ, ಮಜ್ಜಿಗೆ ತರಿಸಿ ಕುಡಿದು ಮುಂದುವರಿಸಿದ. ಗೆಳೆಯರು ಕಂಕುಳಿಗೆ ಕೈಹಾಕಿ ಉಲ್ಲಾಸನನ್ನು ಎತ್ತಿದರೆ ಅವನ ಜೊತೆ ಕಾರೇ ಮೇಲೆದ್ದಿತು. ಹೇಗೂ ಎದ್ದಿದೆಯಲ್ಲ ಎಂದು ಪಕ್ಕದ ತಂಡದವರು ಬಂದು ಟಯರು ಬದಲಿಸಿ ಕೊಟ್ಟು ಹೋದರು.

ನಜ್ಮಾ ಗರಗಸ ತಂದಳು. "ಸೀಟಿನ ಅಂಚು ಕತ್ತರಿಸೋಣ."

"ಅಂಚು ಹೋದರೆ ನನ್ನ ವೇಗ ಹೋಗುತ್ತೆ ಕಣೇ."

"ಅಂಚು ಇದ್ದರೆ ಕಾರು ಇಲ್ಲೇ ಇರುತ್ತೆ, ನೀನೂ ಇಲ್ಲೇ ಇರ್ತೀಯ. ದಿನಾ ಊಟ ತಂದುಕೊಡೋಕೆ ನನ್ನ ಕೈಲಾಗಲ್ಲ."

ಕತ್ತರಿಸಿದರು. ಉಲ್ಲಾಸ ಐದರೊಳಗೆ ಹೊರಗೆ ಹಾರಿದ. ತಪಾಸಣೆಗಾರ ಕಾರಿಗೆ ಒಪ್ಪಿಗೆಯ ಚೀಟಿ ಅಂಟಿಸಿದ.

ಓಟ ಶುರುವಾಯಿತು. ಅಂಚಿಲ್ಲದ ಸೀಟಿನಲ್ಲೂ ಉಲ್ಲಾಸನೇ ಮುಂದೆ. ಎಷ್ಟು ಮುಂದೆಂದರೆ, ಎಲ್ಲರಿಗಿಂತ ಹಿಂದಿದ್ದ ಕಾರಿನ ಬೆನ್ನು ಅವನ ಮೂಗಿನೆದುರು ಕಾಣಿಸಿತು. ಅಷ್ಟರಲ್ಲಿ ಅರ್ಧ ಓಟ ಮುಗಿದು, ಚಾಲಕ ಬದಲಾಗಬೇಕೆಂದು ಬಾವುಟ ಬೀಸಿದರು. ಅವನು ಕಾರನ್ನು ಬದಿಗೆ ತಂದ. ನಜ್ಮಾ ಹೆಲ್ಮೆಟ್ ಹಾಕಿ ನಿಂತಿದ್ದಳು.

ಉಲ್ಲಾಸ ಲೆಕ್ಕ ಹಾಕಿದ. ತಾನೇ ಹೋದರೆ ಇನ್ಯಾರೂ ಹಿಡಿಯಲಾರರು. ಇವಳು ಹೋದರೆ ಮೂರನೆಯ ತಿರುವಿನಲ್ಲಿ ಎರಡು ಕಾರು ದಾಟುತ್ತವೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಒಬ್ಬನೇ ಪೂರ್ತಿ ಓಡಿಸಿದರೆ ಆ ಕಾರನ್ನು ರೇಸಿನಿಂದಲೇ ತೆಗೆದುಹಾಕುತ್ತಾರೆ. ಅದೂ ಅವನಿಗೆ ಗೊತ್ತಿತ್ತು.

"ಇಳಿಯೋ."

"ಇನ್ನೊಂದೇ ಒಂದು ಸುತ್ತು ಕಣೇ. ಲೀಡ್ ಗಟ್ಟಿ ಮಾಡಿಕೊಟ್ಟು ಇಳೀತೀನಿ."

"ವರ್ಷಪೂರ್ತಿ ಇದರ ಬೋಲ್ಟು ಬಿಗಿದಿರೋದು ನೀನು ಓಡಿಸೋದನ್ನ ನೋಡೋಕಲ್ಲ. ಇಳಿ."

ಬೆಳಿಗ್ಗೆ ಸೀಟು ಅವನನ್ನು ಬಿಟ್ಟಿರಲಿಲ್ಲ. ಈಗ ಸೀಟು ಬಿಟ್ಟಿತ್ತು, ಅವನು ಹಿಡಿದಿದ್ದ. ತಂಡದವರೆಲ್ಲ ಗಟ್ಟಿಯಾಗಿ ಎಣಿಸತೊಡಗಿದರು. ನಾಲ್ಕಕ್ಕೆ ಉಲ್ಲಾಸ ಬೆಲ್ಟು ಬಿಚ್ಚಿದ. ಐದಕ್ಕೆ ನೆಲದ ಮೇಲಿದ್ದ.

ನಜ್ಮಾ ಹೋದಳು. ಮೂರನೆಯ ತಿರುವಿನಲ್ಲಿ ಎರಡು ಕಾರು ಅವಳನ್ನು ದಾಟಿದವು. ಕೊನೆಯ ಸುತ್ತಿನಲ್ಲಿ ಅವುಗಳಲ್ಲೊಂದನ್ನು ಅವಳು ಮತ್ತೆ ದಾಟಿದಳು. ತಂಡಕ್ಕೆ ಎರಡನೆಯ ಬಹುಮಾನ ಬಂತು. ಟ್ರೋಫಿ ಎಷ್ಟು ದೊಡ್ಡದೆಂದರೆ, ಇಡೀ ತಂಡ ಅದರೊಳಗೆ ಕೂತು ಫೋಟೋ ತೆಗೆಸಿಕೊಂಡಿತು.

ಮೇಷ್ಟ್ರು ಕತೆ ನಿಲ್ಲಿಸಿದರು. ಈರಣ್ಣ ನಿರಾಳವಾಗಿ ನಕ್ಕ.

"ಭಲೇ ಹುಡುಗ ಮೇಷ್ಟ್ರೇ! ಸಮಯ ಬಂದಾಗ ಇಳಿದೇಬಿಟ್ಟ. ನಾನೂ ಅಷ್ಟೇ, ಸಮಯ ಬಂದರೆ ಇಳಿದುಬಿಡ್ತೀನಿ. ಈ ಭಾನುವಾರದ್ದೊಂದು ಮುಗೀಲಿ."

"ಆಣೆ ಮಾಡಿದ್ದೇನಲ್ಲ ಈರಣ್ಣ, ಮುಚ್ಚಿಡಬಾರದು," ಎಂದರು ಮೇಷ್ಟ್ರು. "ಈ ಕತೆಯಲ್ಲಿ ನಾನಾಗಿ ಸೇರಿಸಿದ್ದು ಒಂದೇ ಒಂದು ಸಣ್ಣ ವಿಷಯ: ಅವನು ಇಳಿದದ್ದು."