ಮೂವರು ರಾಣಿಯರು ತೊಟ್ಟ ಹಾರ

"ಹೊಸ ಹಾರವನ್ನು ಯಾರು ಬೇಕಾದರೂ ಮಾಡಿಸಿಕೊಳ್ಳಬಹುದು ಪ್ರಭು. ಹಳೆಯ ಹಾರವನ್ನು ಮಾಡಿಸಿಕೊಳ್ಳಲು ಚಕ್ರವರ್ತಿಯಿಂದಲೂ ಆಗುವುದಿಲ್ಲ."

ಬೆಳ್ಳಟ್ಟಿದುರ್ಗದ ಮುದ್ದಪ್ಪ ನಾಯಕನ ಸಭೆಯಲ್ಲಿ ನಿಂತು ಆಭರಣದ ವ್ಯಾಪಾರಿ ಮಾಣಿಕಶೆಟ್ಟಿ ಹೀಗೆ ಹೇಳಿ, ರೇಷ್ಮೆ ಬಟ್ಟೆಯ ಗಂಟು ಬಿಚ್ಚಿದ. ಒಳಗೆ ಮೂರೆಳೆ ಮುತ್ತಿನ ಹಾರ. ನಡುವೆ ಜೋಡಿ ಹಂಸದ ಪದಕ. ಚಿನ್ನ ಮಾತ್ರ ಕಪ್ಪಿಟ್ಟಿತ್ತು.

ರಾಣಿ ಲಕ್ಕಾಜಮ್ಮ ಕೂತಲ್ಲೇ ಮುಂದಕ್ಕೆ ಬಾಗಿದಳು.

"ಮೊದಲು ಇದನ್ನು ತೊಟ್ಟವರು ಕಡಲ ತೀರದ ಚಂದ್ರಾವತಿ ರಾಣಿಯವರು," ಎಂದ ಶೆಟ್ಟಿ. "ಆಗಿನ ಕಾಲಕ್ಕೆ ಹಾರ ಕೊರಳಿಗೆ ಅಂಟಿದಂತೆ ಕೂರಬೇಕಿತ್ತು. ಹಾಗಾಗಿ ಇದ್ದದ್ದು ಒಂದೇ ಎಳೆ. ಆಮೇಲೆ ಮಲೆಯ ಸೀಮೆಯ ಪದ್ಮಲದೇವಿಯವರ ಕೊರಳಿಗೆ ಬಂತು. ಅಷ್ಟರಲ್ಲಿ ಎದೆಯವರೆಗೆ ಇಳಿಬಿಡುವ ಬಳಕೆ ಶುರುವಾಗಿತ್ತು. ಅವರು ಎರಡೆಳೆ ಸೇರಿಸಿದರು. ಕೊನೆಗೆ ಬಯಲು ಸೀಮೆಯ ಹಿರಿಯಮ್ಮಾಜಿ. ಪದಕವಿಲ್ಲದ ಹಾರ ಅವರ ಮನೆತನಕ್ಕೆ ಒಗ್ಗದು. ಈ ಹಂಸ ಅವರದು."

"ಒಮ್ಮೆ ಹಾಕಿ ನೋಡಲೇ?" ಎಂದಳು ರಾಣಿ. ಕೇಳುವುದರೊಳಗೆ ಹಾಕಿಕೊಂಡೂ ಆಗಿತ್ತು.

"ಬೆಲೆ ಹೇಳಿ," ಎಂದ ನಾಯಕ.

"ಇಂಥದ್ದಕ್ಕೆ ಬೆಲೆ ಎಲ್ಲಿಯದು ಪ್ರಭು? ಪ್ರೀತಿಯಿಂದ ಹಾಲುಗೆರೆ ಊರನ್ನು ಬಿಟ್ಟುಕೊಡಿ. ಕೆರೆಯೂ ಸೇರಿ."

ಹಾಲುಗೆರೆಯ ಗೌಡ ಕೆರೆಯ ತೂಬು ಒಡೆದಿದೆ ಎಂದು ಹೇಳಿಕೊಳ್ಳಲು ಬಂದು ಕಂಬದ ಪಕ್ಕ ನಿಂತಿದ್ದ. ಅವನ ಮುಖ ಬಿಳಿಚಿತು. ಕೆರೆ ಶೆಟ್ಟಿಯ ಕೈಗೆ ಹೋದರೆ ಗದ್ದೆಗೆ ನೀರು ಬಿಡಿಸಿಕೊಳ್ಳಲೂ ಅವನ ಬಾಗಿಲು ಕಾಯಬೇಕು. ಗೌಡ ಕೋನೇರಯ್ಯನ ಕಡೆ ನೋಡಿದ.

ಕೋನೇರಯ್ಯ ನಾಯಕನ ಆಸ್ಥಾನದ ಮಾತುಗಾರ. ಅವನು ಗಂಟಲು ಸರಿಮಾಡಿಕೊಂಡದ್ದೇ ತಡ, ನಾಯಕ ಕೈ ಎತ್ತಿದ.

"ಅಡ್ಡ ಬರಬೇಡ ಕೋನೇರಯ್ಯ. ರಾಣಿಯ ಮನಸ್ಸಿಗೆ ಬಂದಿದೆ. ಹಾರ ಸುಳ್ಳು ಎನ್ನುವುದಾದರೆ ಅದನ್ನು ಶೆಟ್ಟರ ಬಾಯಿಂದಲೇ ಹೇಳಿಸು. ಇಲ್ಲದಿದ್ದರೆ ದಾನಪತ್ರ ಬರೆಯುವವನು ನೀನೇ."

"ಸುಳ್ಳು ಎಂದವರು ಯಾರು ಪ್ರಭು?" ಎಂದ ಕೋನೇರಯ್ಯ. "ಶೆಟ್ಟರು ಹೇಳಿದ ಪ್ರತಿ ಅಕ್ಷರವನ್ನೂ ನಾನು ನಂಬಿದ್ದೇನೆ."

ಶೆಟ್ಟಿಯ ಮೀಸೆ ಅರಳಿತು.

"ಆದರೆ ಶೆಟ್ಟರೇ, ನೀವು ಅರ್ಧ ಕತೆ ಮಾತ್ರ ಹೇಳಿದಿರಿ. ತೊಟ್ಟ ಕತೆಯಾಯಿತು. ಬಿಚ್ಚಿದ ಕತೆ?"

"ಬಿಚ್ಚಿದ್ದೆಂದರೆ?"

"ಹಾರ ತಾನಾಗಿ ಕೊರಳಿಂದ ಇಳಿದು ನಿಮ್ಮ ಗಂಟಿನೊಳಗೆ ಬಂದು ಕೂರಲಿಲ್ಲವಲ್ಲ. ಚಂದ್ರಾವತಿ ರಾಣಿಯವರು ಇದನ್ನು ಯಾಕೆ ಬಿಚ್ಚಿದರು?"

ಶೆಟ್ಟಿಗೆ ಹುರುಪು ಬಂತು. "ಅದೊಂದು ದೊಡ್ಡ ಕತೆ. ಶತ್ರುಗಳು ಕೋಟೆಗೆ ನುಗ್ಗಿದರು. ಗೆದ್ದವರು ಹಾರ ಕೊಂಡೊಯ್ದರು."

"ಪಾಪ, ಕೋಟೆ ಹೋಯಿತು. ಪದ್ಮಲದೇವಿಯವರು?"

"ಅವರ ಯಜಮಾನರು ಅಕಾಲದಲ್ಲಿ ತೀರಿಕೊಂಡರು. ಆಮೇಲೆ ಅವರು ಒಡವೆಯನ್ನೇ ಮುಟ್ಟಲಿಲ್ಲ."

ನಾಯಕ ಮೆಲ್ಲಗೆ ಎದೆ ಮುಟ್ಟಿಕೊಂಡ. ರಾಣಿಯ ಕೈ ಹಾರದ ಕೊಂಡಿಯ ಕಡೆ ಹೋಯಿತು. ಶೆಟ್ಟಿ ಎರಡನ್ನೂ ಕಂಡ. ಎಲ್ಲಿ ಎಡವಿದೆನೆಂದು ಆಗ ಹೊಳೆಯಿತು.

"ಹಿರಿಯಮ್ಮಾಜಿಯವರಿಗೆ ಮಾತ್ರ ಏನೂ ಆಗಲಿಲ್ಲ," ಎಂದ ಅವಸರವಾಗಿ. "ಸುಖವಾಗಿದ್ದರು. ಗಂಡ, ಮಕ್ಕಳು, ಕೋಟೆ, ಎಲ್ಲ ಭದ್ರ."

"ಬಹಳ ಸಂತೋಷ. ಅಷ್ಟು ಸುಖವಾಗಿದ್ದವರು ಹಾರ ಯಾಕೆ ಕೊಟ್ಟರು?"

"ಕೊಡಲಿಲ್ಲ..."

"ಕೊಡಲಿಲ್ಲವೇ? ಹಾಗಾದರೆ ಕದ್ದದ್ದು."

ಬಾಗಿಲ ಕಾವಲಿನವರು ಒಂದು ಹೆಜ್ಜೆ ಮುಂದೆ ಬಂದರು.

"ಅಲ್ಲ, ಅಲ್ಲ. ಕೊಟ್ಟರು. ನಮ್ಮ ಅಜ್ಜನಿಗೆ ಸುಮ್ಮನೆ ಕೊಟ್ಟರು."

"ಒಂದು ಊರಿನ ಬೆಲೆಯ ಹಾರವನ್ನು ಸುಮ್ಮನೆ ಕೊಟ್ಟರೇ? ಮನೆಯಲ್ಲಿ ಇಟ್ಟುಕೊಳ್ಳಲು ಅವರಿಗೂ ಭಯವಾಗಿರಬೇಕು." ಕೋನೇರಯ್ಯ ನಾಯಕನಿಗೆ ಕೈಮುಗಿದ. "ಪ್ರಭು, ಹಾರ ಅಪ್ಪಟ ನಿಜ. ತೊಟ್ಟ ಒಬ್ಬರ ಕೋಟೆ ಹೋಯಿತು, ಇನ್ನೊಬ್ಬರ ಗಂಡ ಹೋದರು. ನಮ್ಮ ರಾಣಿಯವರು ತೊಟ್ಟು ಇನ್ನೂ ಗಳಿಗೆ ಕಳೆದಿಲ್ಲ, ಒಂದು ಊರು ಆಗಲೇ ಹೊರಟಿದೆ. ಮುಂದಿನದು ಯಾವುದೋ ಗೊತ್ತಿಲ್ಲ. ದಾನಪತ್ರಕ್ಕೆ ಮಸಿ ತರಿಸಲೇ?"

ನಾಯಕ ಎದ್ದು ನಿಂತ. "ಶೆಟ್ಟರೇ, ಇಷ್ಟೆಲ್ಲ ತಿಳಿದೂ ಇದನ್ನು ನನ್ನ ಹೆಂಡತಿಯ ಕೊರಳಿಗೆ ಹಾಕಿಸಿದಿರಾ?"

ಶೆಟ್ಟಿ ನೆಲಕ್ಕೆ ಬಿದ್ದ. "ಯಾರ ಗಂಡನೂ ಸತ್ತಿಲ್ಲ ಪ್ರಭು. ಆ ರಾಣಿಯರೇ ಹುಟ್ಟಿಲ್ಲ. ಹೋದ ದೀಪಾವಳಿಗೆ ನನ್ನ ಅಂಗಡಿಯಲ್ಲೇ ಮಾಡಿಸಿದ ಹಾರ ಇದು. ಹಳೆಯದಾಗಿ ಕಾಣಲೆಂದು ಅಡುಗೆಮನೆಯಲ್ಲಿ ಒಲೆಯ ಮೇಲೆ ಹೊಗೆಗೆ ನೇತುಹಾಕಿದ್ದೆ."

ರಾಣಿ ಪದಕವನ್ನು ಮೂಗಿನ ಹತ್ತಿರ ತಂದಳು. "ಅದಕ್ಕೇ ಇಂಗಿನ ಒಗ್ಗರಣೆ ವಾಸನೆ. ನಾನು ಹಿಂದಿನ ರಾಣಿಯರ ಪರಿಮಳವೇನೋ ಅಂದುಕೊಂಡಿದ್ದೆ." ಹಾರವನ್ನು ಬಿಚ್ಚಿ ತಟ್ಟೆಯಲ್ಲಿಟ್ಟಳು. ಅವಳಿಗೇ ನಗು ತಡೆಯಲಾಗಲಿಲ್ಲ.

ಹಾರ ಅರಮನೆಗೆ ದಂಡವಾಯಿತು. ಹಾಲುಗೆರೆಯ ತೂಬನ್ನು ಶೆಟ್ಟಿಯೇ ನಿಂತು ಸರಿಮಾಡಿಸಬೇಕೆಂದು ಅಪ್ಪಣೆಯಾಯಿತು. ಗೌಡ ಅವನನ್ನು ಕೈಹಿಡಿದು ಎಬ್ಬಿಸಿ, ತುಂಬಾ ಮರ್ಯಾದೆಯಿಂದ, ಕೆರೆಯ ದಾರಿ ತೋರಿಸಲು ಕರೆದುಕೊಂಡು ಹೋದ.

"ಹಳೆಯದಲ್ಲದಿದ್ದರೂ ಚಿನ್ನ ಚಿನ್ನವೇ," ಎಂದ ನಾಯಕ ತಟ್ಟೆಯನ್ನು ಮುಂದೆ ತಳ್ಳುತ್ತಾ. "ತಗೋ ಕೋನೇರಯ್ಯ, ನಿನ್ನ ಹೆಂಡತಿಗೆ ಕೊಡು."

"ಕ್ಷಮಿಸಬೇಕು ಪ್ರಭು, ಇದು ಬೇಡ. ಇದು ಮೊದಲು ಯಾರ ಕೊರಳಲ್ಲಿತ್ತು ಎಂದು ಅವಳು ಕೇಳುತ್ತಾಳೆ. ರಾಣಿಯವರ ಕೊರಳಲ್ಲಿತ್ತು ಎನ್ನಬೇಕಾಗುತ್ತದೆ. ಬಿಚ್ಚಿದವರು ಯಾರು ಎನ್ನುತ್ತಾಳೆ."

ನಾಯಕ ಸಿಂಹಾಸನದ ತೋಳು ಹಿಡಿದುಕೊಂಡು ನಕ್ಕ. "ರಾಣಿಯವರೇ ಬಿಚ್ಚಿಕೊಟ್ಟರು ಎಂದು ನಿಜ ಹೇಳಿದರಾಯಿತು. ನೀನು ಮಾತಿಗೆ ಹೆದರುವವನೇ?"

"ಶೆಟ್ಟರು ಗಟ್ಟಿಗರು ಪ್ರಭು, ಮೂರನೆಯ ರಾಣಿಯವರೆಗೂ ತಡೆದುಕೊಂಡರು. ನಾನು ಮನೆಯಲ್ಲಿ ಎರಡನೆಯ ಪ್ರಶ್ನೆಗೇ ನೆಲ ಹಿಡಿಯುತ್ತೇನೆ. ಈ ವಿದ್ಯೆ ನಾನು ಕಲಿತದ್ದೇ ಅವಳಿಂದ."