ಏಡಿಯ ದೊಡ್ಡ ಕೈ

ಲೋಕ ಹೊಸದಾಗಿದ್ದ ಕಾಲ. ಕಡಲಿಗೆ ಉಪ್ಪು ಆಗಷ್ಟೇ ಹತ್ತಿತ್ತು.

ಕಡಲು ದಿನಕ್ಕೆರಡು ಸಲ ನೆಲದ ಮನೆಗೆ ನೆಂಟನಾಗಿ ಬರುತ್ತಿತ್ತು. ಬಂದವರಿಗೆ ಚಾಪೆ ಹಾಕಬೇಕಲ್ಲ? ನೆಲ ಕೆಸರಿನ ಚಾಪೆ ಹಾಸಿತ್ತು. ಅಂಚಿಗೆ ಉಪ್ಪುನೀರಲ್ಲೇ ಬೇರೂರುವ ಕಾಂಡ್ಲಾ ಗಿಡಗಳು. ಕೆಸರೊಳಗೆ ಚಿಪ್ಪು ಮುಚ್ಚಿದ ಬಳಚು, ಸಿಗಡಿ, ಒಂದು ಪುಟ್ಟ ಏಡಿ. ಏಡಿಗೆ ಆಗ ಎರಡು ಕೈಯೂ ಚಿಕ್ಕವೇ.

ಕಡಲು ಬರುತ್ತಿತ್ತು. ಕೂರುತ್ತಿತ್ತು. ಎದ್ದು ಹೋಗುತ್ತಿತ್ತು.

ಕೆಸರಿನ ಹಿಂದಿನ ತಗ್ಗಿನಲ್ಲಿ ಹೊನ್ನಿಯ ಗುಡಿಸಲು. ಗಂಡ ಬುದ್ಯ. ತೊಟ್ಟಿಲಲ್ಲಿ ಮಗು.

ಬುದ್ಯನಿಗೆ ತೆಂಗಿನ ತೋಟದ ಆಸೆ. ಗುಡ್ಡದ ಕೆಮ್ಮಣ್ಣು ಹೊತ್ತು ತಂದು ಕೆಸರಿಗೆ ಸುರಿಯತೊಡಗಿದ.

"ಕಡಲು ಎಲ್ಲಿ ಕೂರ್ತದೆ?" ಹೊನ್ನಿ ಕೇಳಿದಳು.

"ಬಂದರೆ ತಾನೇ! ನೋಡು, ನೀರು ಅಲ್ಲೇ ನಿಂತಿದೆ."

ನಿಂತಿದ್ದು ನಿಜ. ಅಂದು ಅಷ್ಟಮಿ. ಹುಣ್ಣಿಮೆಗೆ ಉಕ್ಕುವ ಕಡಲಿನ ಕಾಲು ಅಷ್ಟಮಿಗೆ ಸೋತಿರುತ್ತದೆ.

"ಅಷ್ಟಮಿ ನೀರಲ್ಲಿ ಕಡಲು ಅಳೀತೀರಾ ಮಾರಾಯ್ರೆ? ಮಲಗಿದ ಎತ್ತು ನೋಡಿ ಹಗ್ಗ ಹೊಸೆದ ಹಾಗಾಯ್ತು."

"ನಿನ್ನ ಬಾಯಿಗೂ ಎರಡು ಬುಟ್ಟಿ ಮಣ್ಣು ಬೇಕು," ಎಂದು ಬುದ್ಯ ನಕ್ಕ.

ಏಡಿ ಬಂದು ಅವನ ಹೆಬ್ಬೆರಳು ಹಿಡಿಯಿತು. "ಬುದ್ಯಣ್ಣಾ, ಒಂದು ತೂತಾದರೂ ಬಿಡು."

"ಹೋಗೋ! ಸಾರಿಗೆ ಹಾಕಿಬಿಡ್ತೇನೆ."

ಕೆಸರೆಲ್ಲ ಮುಚ್ಚಿ ಕೆಮ್ಮಣ್ಣಿನ ದಿಬ್ಬವಾಯಿತು. ಹುಣ್ಣಿಮೆ ಬಂತು.

ನಡುಹಗಲು. ಬುದ್ಯ ಗುಡ್ಡದಲ್ಲಿದ್ದ. ಕಡಲು ಬಂತು. ದಿಬ್ಬ ನೋಡಿತು. ಬಳಸಿಕೊಂಡು ಹೊನ್ನಿಯ ಅಂಗಳಕ್ಕೆ ಇಳಿಯಿತು.

"ನನ್ನ ಚಾಪೆ ಎಲ್ಲಿ ಹೊನ್ನಿ?"

"ಹಿಂದೆ ಹೋಗು ಮಾರಾಯಾ! ಮಗು ಇದೆ."

"ಹೇಗೆ ಹೋಗಲಿ? ಚಂದ್ರ ಹಿಂದಿನಿಂದ ನೂಕುತ್ತಾನೆ. ಮುಂದೆ ಮಣ್ಣು ತಡೆಯುತ್ತದೆ."

ನೀರು ಹೊಸ್ತಿಲು ದಾಟಿತು. ತೊಟ್ಟಿಲು ತೇಲಿತು. ಹೊನ್ನಿ ಮಗುವನ್ನು ಎತ್ತಿ ಅಟ್ಟದ ಮೇಲಿಟ್ಟಳು. ನೀರು ಸೊಂಟಕ್ಕೆ ಬಂತು. ಎದೆಗೆ ಬಂತು. ಅಟ್ಟದ ಬಿದಿರು ಕಿರುಗುಟ್ಟಿತು.

"ಯಾರಾದರೂ ಇದ್ದೀರಾ?"

ಏಡಿ ಇತ್ತು.

ಉಳಿದಿದ್ದ ಒಂದು ಕಾಂಡ್ಲಾ ಬೇರನ್ನು ಅದು ಒಂದು ಕೈಯಲ್ಲಿ ಬಿಗಿಹಿಡಿಯಿತು. ಬಿಟ್ಟರೆ ಸೆಳೆತ ಒಯ್ಯುತ್ತದೆ. ಇನ್ನೊಂದು ಕೈಯಲ್ಲಿ ದಿಬ್ಬ ಕೊರೆಯಿತು. ಕೊರೆಯಿತು. ಕೈ ನೊಂದಿತು. ಕೊರೆಯಿತು. ಕೈ ಬಾತಿತು. ಕೊರೆಯಿತು.

ನೀರು ಹೊನ್ನಿಯ ಗಲ್ಲ ಮುಟ್ಟಿತು.

ದಿಬ್ಬ ತೂತಾಯಿತು. ನೀರು ತೂತಿಗೆ ನುಗ್ಗಿತು. ಕೆಮ್ಮಣ್ಣು ಕುಸಿದು ಕಡಲಿಗೆ ಹೋಯಿತು. ಅಡಿಯಿಂದ ಹಳೆಯ ಕೆಸರು ಎದ್ದಿತು. ಕಡಲು ಉಸ್ಸೆಂದು ಅದರ ಮೇಲೆ ಕೂತಿತು.

ಬುದ್ಯ ಮಣ್ಣಿನ ಬುಟ್ಟಿ ಹೊತ್ತು ಓಡಿ ಬಂದ. ಹೆಂಡತಿಯ ಒದ್ದೆ ತಲೆ ನೋಡಿದ. ಅಟ್ಟದ ಮೇಲೆ ಮಗು ಅಳುವುದು ಕೇಳಿದ.

"ಇನ್ನೂ ತಂದಿರಾ?" ಎಂದಳು ಹೊನ್ನಿ.

ಬುದ್ಯ ಬುಟ್ಟಿಯನ್ನು ನೀರಿಗೆ ಎಸೆದ.

ಏಡಿಯ ಬಾತ ಕೈ ಇಳಿಯಲೇ ಇಲ್ಲ. ಬೇರು ಹಿಡಿದ ಕೈ ಚಿಕ್ಕದಾಗಿಯೇ ಉಳಿಯಿತು. ಕಡಲು ಮತ್ತೆ ದಾರಿ ತಪ್ಪಬಾರದೆಂದು ಏಡಿ ಆ ದೊಡ್ಡ ಕೈ ಎತ್ತಿ ಕರೆಯಿತು: "ಇಲ್ಲಿ ಬಾ. ಚಾಪೆ ಇಲ್ಲಿದೆ."

ನೀರು ಇಳಿದಾಗ ಕೆಸರಿಗೆ ಹೋಗಿ ನೋಡು ಮಗಾ, ಆ ಏಡಿಯ ಕುಲದ ಗಂಡುಗಳು ಇಂದಿಗೂ ಒಂದೇ ದೊಡ್ಡ ಕೈ ಬೀಸುತ್ತಿರುತ್ತವೆ. ಮಣ್ಣು ತುಂಬಿದ ಕಡೆ ಬೀಸುವವರಿಲ್ಲ, ಅದಕ್ಕೇ ಅಲ್ಲಿ ಹುಣ್ಣಿಮೆಯ ಕಡಲು ಮನೆ ಮೆಟ್ಟಿಲಿಗೆ ಬಂದು ಚಾಪೆ ಕೇಳುತ್ತದೆ.